ಕಾರ್ಲ್ ಫ್ರಿಸ್ಟನ್: ಪ್ರಕಟಣೆಗಳು ಮತ್ತು ಉಲ್ಲೇಖ ಪ್ರಭಾವ

ಕಾರ್ಲ್ ಫ್ರಿಸ್ಟನ್ (ಜನನ 1959) ಬ್ರಿಟನ್ನಿನ ನರವಿಜ್ಞಾನಿ. ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಕೇಂಬ್ರಿಜ್‌ನಲ್ಲಿ ವಿಜ್ಞಾನ, ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ ಮನೋವೈದ್ಯರಾದರು. ಮುಂದೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಕ್ವೀನ್ ಸ್ಕ್ವೇರ್ ಪ್ರಯೋಗಾಲಯದಲ್ಲಿ ನೆಲೆ ನಿಂತರು. 2006ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 2016ರಲ್ಲಿ ಸೆಮ್ಯಾಂಟಿಕ್ ಸ್ಕಾಲರ್ ಎಂಬ ಶೋಧ ತಾಣವು ನರವಿಜ್ಞಾನದ ಅತಿ ಪ್ರಭಾವಿ ಲೇಖಕರ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ಕೊಟ್ಟಿತು.

ಅವರ ಎಚ್-ಸೂಚ್ಯಂಕ 200ನ್ನು ದಾಟಿದೆ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಅಳತೆಯ ಲೆಕ್ಕ ಸರಳ: ಸೂಚ್ಯಂಕ 200 ಇದ್ದರೆ, ತಲಾ 200 ಬಾರಿಯಾದರೂ ಉಲ್ಲೇಖಗೊಂಡ 200 ಪ್ರಬಂಧಗಳು ಆ ಲೇಖಕರ ಹೆಸರಿನಲ್ಲಿವೆ ಎಂದರ್ಥ. ಒಂದೇ ಪ್ರಬಂಧ ಲಕ್ಷ ಸಲ ಉಲ್ಲೇಖಗೊಂಡರೂ ಈ ಅಂಕಿ ಒಂದಕ್ಕಿಂತ ಮೇಲೇರದು. ಆದರೆ ಆ ಉಲ್ಲೇಖಗಳು ಯಾತಕ್ಕಾಗಿ ಬಂದವು ಎಂಬುದನ್ನು ಅದು ಹೇಳುವುದಿಲ್ಲ. ಫ್ರಿಸ್ಟನ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ಅವರ ಉಲ್ಲೇಖಗಳಲ್ಲಿ ಬಹುಪಾಲು ಬಂದಿರುವುದು ಮಿದುಳಿನ ಬಗ್ಗೆ ಅವರು ಹೇಳಿದ ಮಾತಿಗಲ್ಲ, ಮಿದುಳನ್ನು ನೋಡಲು ಅವರು ಮಾಡಿಕೊಟ್ಟ ಉಪಕರಣಕ್ಕೆ.

ಆ ಉಪಕರಣ ಎಸ್‌ಪಿಎಂ ಎಂಬ ತಂತ್ರಾಂಶ. 1991ರ ಹೊತ್ತಿಗೆ ಅದನ್ನು ಇತರ ಪ್ರಯೋಗಾಲಯಗಳಿಗೆ ಉಚಿತವಾಗಿ ಹಂಚತೊಡಗಿದರು. ಸ್ಕ್ಯಾನರ್ ಮಿದುಳನ್ನು ಕೆಲವೇ ಮಿಲಿಮೀಟರ್ ಅಗಲದ ಸಾವಿರಾರು ಘನ ತುಣುಕುಗಳಾಗಿ ಕಾಣುತ್ತದೆ. ಇವಕ್ಕೆ ವೋಕ್ಸೆಲ್ ಎಂದು ಹೆಸರು. ಪ್ರತಿ ವೋಕ್ಸೆಲ್‌ನಲ್ಲೂ ಪ್ರಯೋಗಕ್ಕೆ ತಕ್ಕಂತೆ ಸಂಕೇತ ಏರಿತೇ ಎಂದು ಎಸ್‌ಪಿಎಂ ಪರೀಕ್ಷಿಸಿ, ಫಲಿತಾಂಶವನ್ನು ನಕಾಶೆಯಾಗಿ ಬಿಡಿಸುತ್ತದೆ. ಪತ್ರಿಕೆಗಳಲ್ಲಿ ನಾವು ಕಾಣುವ, ಕೆಂಪು ಹಳದಿ ಮಚ್ಚೆಗಳ ಮಿದುಳಿನ ಚಿತ್ರಗಳಲ್ಲಿ ಬಹಳಷ್ಟು ಹುಟ್ಟುವುದು ಹೀಗೆ.

ಇಲ್ಲೊಂದು ಅಪಾಯವಿದೆ. 50,000 ವೋಕ್ಸೆಲ್‌ಗಳನ್ನು ಶೇ 5ರ ಮಿತಿಯಲ್ಲಿ ಪರೀಕ್ಷಿಸಿದರೆ, ಏನೂ ನಡೆಯದಿದ್ದರೂ ಸುಮಾರು 2,500 ಕಡೆ ಬಣ್ಣ ಮೂಡುತ್ತದೆ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ತಿದ್ದುಪಡಿಯಿಲ್ಲದ ಲೆಕ್ಕದಲ್ಲಿ ಅದರ ಮಿದುಳಿನಲ್ಲೂ 'ಚಟುವಟಿಕೆ' ಕಂಡಿತು. ಈ ತಪ್ಪನ್ನು ತಡೆಯಲು ಎಸ್‌ಪಿಎಂ ಬಳಸುವ ಗಣಿತ ಬಹುಮಟ್ಟಿಗೆ ಸಂಖ್ಯಾಶಾಸ್ತ್ರಜ್ಞ ಕೀತ್ ವರ್ಸ್ಲಿ ಅವರ ಕೊಡುಗೆ.

ಜಾನ್ ಆಶ್‌ಬರ್ನರ್ ಜೊತೆ 2000ರಲ್ಲಿ ಬರೆದ, ಮಿದುಳಿನ ಬೂದು ಭಾಗದ ಪ್ರಮಾಣವನ್ನು ವೋಕ್ಸೆಲ್‌ಗಳಲ್ಲಿ ಹೋಲಿಸುವ ವಿಧಾನದ ಪ್ರಬಂಧವೂ ಅತಿ ಹೆಚ್ಚು ಉಲ್ಲೇಖಗೊಂಡವುಗಳಲ್ಲಿ ಒಂದು. ಅದೇ ವರ್ಷ ಪ್ರಕಟವಾದ, ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ದೊಡ್ಡದಿದೆ ಎಂದ ಹೆಸರಾಂತ ಅಧ್ಯಯನ ಬಳಸಿದ್ದು ಈ ವಿಧಾನವನ್ನೇ. ಬೆಂಗಳೂರಿನ ನಿಮ್ಹಾನ್ಸ್‌ನ ಸ್ಕಿಜೋಫ್ರೇನಿಯಾ ಅಧ್ಯಯನಗಳಲ್ಲೂ ಎಸ್‌ಪಿಎಂ ಬಳಕೆಯಾಗಿದೆ. 2003ರಲ್ಲಿ ಬಂದ ಅವರ ಡಿಸಿಎಂ ವಿಧಾನ ಮಿದುಳಿನ ಒಂದು ಭಾಗ ಇನ್ನೊಂದರ ಮೇಲೆ ಬೀರುವ ಪ್ರಭಾವವನ್ನು ಅಳೆಯುತ್ತದೆ.

ಅವರ ಸ್ವಂತ ಸಿದ್ಧಾಂತದ ಕಥೆ ಬೇರೆ. ಜೀವಿಗಳು ತಮಗೆ ಎದುರಾಗುವ ಅನಿರೀಕ್ಷಿತತೆಯನ್ನು ಕಡಿಮೆ ಮಾಡಿಕೊಳ್ಳಲು ಗ್ರಹಿಸುತ್ತವೆ, ಚಲಿಸುತ್ತವೆ ಎನ್ನುವುದು ಅವರ 'ಮುಕ್ತ ಶಕ್ತಿ ತತ್ವ'. 2010ರಲ್ಲಿ ಅದನ್ನು ಸಮಗ್ರವಾಗಿ ಮಂಡಿಸಿದ ಪ್ರಬಂಧಕ್ಕೂ ಸಾವಿರಾರು ಉಲ್ಲೇಖಗಳಿವೆ. ಆದರೆ ಒಪ್ಪಿ ಉಲ್ಲೇಖಿಸಿದವರೂ ಸುಳ್ಳೆಂದು ಸಾಬೀತುಪಡಿಸಲು ಬರದ ಸಿದ್ಧಾಂತವೆಂದು ಟೀಕಿಸಿದವರೂ ಆ ಎಣಿಕೆಯಲ್ಲಿ ಒಟ್ಟಿಗೇ ಸೇರುತ್ತಾರೆ.

ಉಪಕರಣದ ಉಲ್ಲೇಖವೂ ನಿರ್ದೋಷವಲ್ಲ. 2016ರಲ್ಲಿ ಆಂಡರ್ಸ್ ಎಕ್ಲುಂಡ್, ಥಾಮಸ್ ನಿಕೊಲ್ಸ್, ಹಾನ್ಸ್ ಕ್ನುಟ್ಸನ್ 499 ಆರೋಗ್ಯವಂತರ ದತ್ತಾಂಶದ ಮೇಲೆ ಎಸ್‌ಪಿಎಂ ಸೇರಿದಂತೆ ಮೂರು ತಂತ್ರಾಂಶಗಳನ್ನು ಓಡಿಸಿ ನೋಡಿದರು. ಮಚ್ಚೆಗಳ ಗಾತ್ರ ನೋಡಿ ತೀರ್ಮಾನಿಸುವ ವಿಧಾನದಲ್ಲಿ, ಶೇ 5 ಇರಬೇಕಾದ ಸುಳ್ಳು ಫಲಿತಾಂಶ ಕೆಲವು ಸಂದರ್ಭದಲ್ಲಿ ಶೇ 70ರವರೆಗೂ ಏರಿತ್ತು. ಬಿಗಿಯಾದ ಆರಂಭಿಕ ಮಿತಿ ಇಟ್ಟುಕೊಂಡರೆ ವಿಧಾನ ನಿಲ್ಲುತ್ತದೆ ಎಂದು ಫ್ರಿಸ್ಟನ್ ಮತ್ತು ಗಿಯೋಮ್ ಫ್ಲಾಂಡಿನ್ ಉತ್ತರಿಸಿದರು. ಸಡಿಲ ಮಿತಿಯಲ್ಲಿ ಮಾಡಿದ ಹಳೆಯ ಅಧ್ಯಯನಗಳ ಉಲ್ಲೇಖಗಳು ಮಾತ್ರ ಎಣಿಕೆಯಲ್ಲಿ ಹಾಗೆಯೇ ಉಳಿದಿವೆ.

ಎಚ್-ಸೂಚ್ಯಂಕವು ಸಹಲೇಖಕರ ಪಾಲನ್ನು ಭಾಗಿಸುವುದಿಲ್ಲ. 2000ದ ಪ್ರಬಂಧದ ಪ್ರತಿ ಉಲ್ಲೇಖವೂ ಅದರ ಮೊದಲ ಲೇಖಕ ಆಶ್‌ಬರ್ನರ್‌ಗೆ ಇಡಿಯಾಗಿ ಸಲ್ಲುತ್ತದೆ, ಫ್ರಿಸ್ಟನ್‌ಗೂ ಇಡಿಯಾಗಿಯೇ. ವರ್ಸ್ಲಿ 2009ರಲ್ಲಿ ತೀರಿಕೊಂಡರು. ಅವರ ಗಣಿತ ಇಂದಿಗೂ ಎಸ್‌ಪಿಎಂನೊಳಗೆ ಕೆಲಸ ಮಾಡುತ್ತಿದೆ.