ಬಂದಳಿಕೆಯ ಶಾಸನವೂ ಹೊಗೆಸೊಪ್ಪಿನ ಚರಿತ್ರೆಯೂ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಪ್ರಾಚೀನ ನಾಗರಖಂಡದ ಮುಖ್ಯಸ್ಥಾನವಾಗಿದ್ದಿತು. ರೈಸ್ ಅವರು 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 7ನೆಯ ಸಂಪುಟದಲ್ಲಿ ಪ್ರಕಟಿಸಿದ ಇಲ್ಲಿಯ ಶಾಸನಗಳಲ್ಲಿ ಒಂದು, ಹತ್ತನೆಯ ಶತಮಾನದ ಆರಂಭದ್ದು, ಜಕ್ಕಿಯಬ್ಬೆಯನ್ನು ಕುರಿತದ್ದು. ಪತಿಯು ಮಡಿದ ಬಳಿಕ ಆಕೆ ನಾಗರಖಂಡದ ಅಧಿಕಾರವನ್ನು ವಹಿಸಿಕೊಂಡು ಸಮರ್ಥವಾಗಿ ನಡೆಸಿದಳು. ಮೈಗೆ ರೋಗವು ತಗಲಲು ಅದನ್ನು ಮಗಳಿಗೊಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದಳು. ರೋಗವು ಯಾವುದು, ಏಕೆ ಬಂದಿತು ಎಂಬುದನ್ನು ಶಾಸನವು ಹೇಳುವುದಿಲ್ಲ. ಅದನ್ನು ಊಹಿಸುವುದು ನಮ್ಮ ಉದ್ದೇಶವೂ ಅಲ್ಲ. ರೋಗವು ಬಂದುದನ್ನು ಬರೆದಿಡುವುದು ಬೇರೆ, ಅದರ ಕಾರಣವನ್ನು ಕಂಡುಹಿಡಿಯುವುದು ಬೇರೆ ಎಂಬುದಷ್ಟೇ ನಮಗೆ ಇಲ್ಲಿ ಮುಖ್ಯ.

ಶ್ವಾಸಕೋಶದ ಕ್ಯಾನ್ಸರಿನ ಮುಖ್ಯ ಕಾರಣವು ತಂಬಾಕಿನ ಹೊಗೆ. ಬೀಡಿ ಸೇದುವುದು ಹಿರಿಯರಿಂದ ಬಂದ ವಾಡಿಕೆ, ರೋಗವು ಹಣೆಯ ಬರಹ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಕೇಳಿಬರುವುದುಂಟು. ಚರಿತ್ರೆಯು ಇದನ್ನು ಒಪ್ಪುವುದಿಲ್ಲ. ಅಡಕೆ, ವೀಳ್ಯದೆಲೆಗಳು ಈ ನಾಡಿಗೆ ಪುರಾತನವಾದುವು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ತಾಂಬೂಲಭೋಗದ ಪ್ರಕರಣವೇ ಇದೆ. ತಂಬಾಕು ಮಾತ್ರ ಅಮೆರಿಕ ಖಂಡದ ಗಿಡ. ಬಂದಳಿಕೆಯ ಏಳಿಗೆಯ ಕಾಲದಲ್ಲಿ ಅದು ಇಲ್ಲಿರಲು ಸಾಧ್ಯವೇ ಇಲ್ಲ. ಪೋರ್ಚುಗೀಸರ ಮೂಲಕ ಅದು ದಕ್ಷಿಣಕ್ಕೆ ಬಂದಿತು. ಅಕ್ಬರನ ದೂತ ಅಸದ್ ಬೇಗನು ಸುಮಾರು 1604ರಲ್ಲಿ ಬಿಜಾಪುರದಲ್ಲಿ ಅದನ್ನು ಕಂಡು, ಹೊಸ ವಸ್ತುವೆಂದು ಚಕ್ರವರ್ತಿಯ ಆಸ್ಥಾನಕ್ಕೆ ಒಯ್ದನು. 'ಹೊಗೆಸೊಪ್ಪು' ಎಂಬ ನಮ್ಮ ಮಾತು ಹೊಸ ಪದಾರ್ಥಕ್ಕೆ ಹಳೆಯ ಶಬ್ದಗಳಿಂದ ಕಟ್ಟಿದ ಹೆಸರು.

ಕಾರಣವನ್ನು ನಿರ್ಣಯಿಸಿದ ಕ್ರಮವೂ ಗಮನಾರ್ಹ. 1912ರಲ್ಲಿ ಐಸಾಕ್ ಆಡ್ಲರ್ ಈ ರೋಗವನ್ನು ಅತಿವಿರಳವೆಂದೇ ಬರೆದನು. ಯಂತ್ರಗಳಿಂದ ಸಿಗರೇಟು ಅಗ್ಗವಾಗಿ, ದಶಕಗಳ ತರುವಾಯ ರೋಗವು ಹೆಚ್ಚಿತು. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರೇಹಂ, ರೋಗಿಗಳನ್ನೂ ಇತರರನ್ನೂ ಹೋಲಿಸಿ ಧೂಮಪಾನದ ಸಂಬಂಧವನ್ನು ತೋರಿಸಿದರು. ಬೀಡಿಯ ಹೊಗೆಯೂ ನಿರಪಾಯಕರವಲ್ಲವೆಂದು ಮುಂದಿನ ಅಧ್ಯಯನಗಳು ಸ್ಥಾಪಿಸಿವೆ.

ಆದರೆ ಈ ರೋಗ ಬಂದವರೆಲ್ಲರೂ ಧೂಮಪಾನಿಗಳೆಂದು ಭಾವಿಸುವುದು ಅನ್ಯಾಯ. ಪರರು ಬಿಟ್ಟ ಹೊಗೆ, ಕಲ್ನಾರು, ನೆಲದಿಂದ ಹೊಮ್ಮುವ ರೇಡಾನ್ ಅನಿಲ, ಡೀಸೆಲ್ ಹೊಗೆ, ಕಲುಷಿತ ವಾಯು ಇವೂ ಕಾರಣಗಳೇ. ಸೌದೆಯ ಒಲೆಯ ಹೊಗೆಯೂ ಕಾರಣವಾಗಬಹುದೆಂದು ತಜ್ಞರು ಎಣಿಸಿದ್ದಾರೆ. ಮಲೆನಾಡಿನ ಅಡುಗೆಮನೆಗಳಲ್ಲಿ ಬಾಳು ಸವೆಸಿದ ಹೆಂಗಸರನ್ನು ಇಲ್ಲಿ ಮರೆಯಲಾಗದು. ಅಡಕೆಯನ್ನು ಅಗಿಯುವುದರಿಂದ ಬರುವುದು ಮುಖ್ಯವಾಗಿ ಬಾಯಿಯ ಕ್ಯಾನ್ಸರ್, ಎರಡನ್ನೂ ಬೆರಸಬಾರದು. ಪುರಾತನವಾದುದೆಲ್ಲ ನಿರಪಾಯಕರವೆಂದೂ ಇದರಿಂದ ಸಿದ್ಧಿಸುವುದಿಲ್ಲ.

ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಅನುಸರಿಸಿದ ಅಧ್ಯಯನವು 2004ರಲ್ಲಿ ತಿಳಿಸಿದಂತೆ, ಐವತ್ತನೆಯ ವಯಸ್ಸಿನಲ್ಲಿ ಧೂಮಪಾನವನ್ನು ತ್ಯಜಿಸಿದವರೂ ಸುಮಾರು ಆರು ವರ್ಷಗಳ ಆಯುಸ್ಸನ್ನು ಗಳಿಸುತ್ತಾರೆ. ನಮ್ಮ ದೇಶದಲ್ಲಿ 2003ರ ಶಾಸನವೂ, 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಸಾರ್ವಜನಿಕ ಧೂಮಪಾನ ನಿಷೇಧದ ನಿಯಮಗಳೂ ಇವೆ. ಜಕ್ಕಿಯಬ್ಬೆಯ ನಾಡು ಶತಮಾನಗಳ ಕಾಲ ಹೊಗೆಸೊಪ್ಪಿಲ್ಲದೆ ಬಾಳಿತು. ಹೊರಗಿನಿಂದ, ತಿಳಿದ ಕಾಲದಲ್ಲಿ, ಬಂದು ಸೇರಿದ ಅಭ್ಯಾಸವು ವಿಧಿಯಲ್ಲ. ಅದನ್ನು ಬಿಡಲು ಸಾಧ್ಯವೆಂಬುದೇ ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು.