ನೀರು ಕುಡಿದ ಎಲೆಗೇ ಹೆಚ್ಚು ಚುಕ್ಕೆ



ಬೆಳೆ ಬಾಡಿದರೆ ನೀರು ಕಟ್ಟು ಎಂಬುದು ಹಿರಿಯರು ಹೇಳಿಕೊಟ್ಟ ಪಾಠ. ನೀರು ಕೊಟ್ಟದ್ದರಿಂದಲೇ ಎಲೆ ಹೆಚ್ಚು ಕೆಟ್ಟಿತು ಅಂದರೆ ಯಾರು ನಂಬ್ತಾರೆ? ಆದರೆ ಹೊಗೆಸೊಪ್ಪಿನ ಚರಿತ್ರೆಯಲ್ಲಿ ಹಾಗೂ ಆಗಿದೆ.

1950ರ ದಶಕದಲ್ಲಿ ಅಮೆರಿಕ, ಕೆನಡಾ ದೇಶಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಬಲಿತ ಎಲೆಗಳ ಮೇಲೆ ಬಿಳಿ, ಕಂದು ಚುಕ್ಕೆಗಳು ಏಳತೊಡಗಿದವು. ಹುಳ ಇಲ್ಲ, ಬೂಷ್ಟು ಇಲ್ಲ. ಹವಾಮಾನದ ದೋಷ ಅಂತ ತಿಳಿದು ಅದಕ್ಕೆ 'ಹವೆಯ ಚುಕ್ಕೆ' ಎಂದೇ ಹೆಸರಾಯಿತು. ಚುಕ್ಕೆ ಬಿದ್ದ ಸೊಪ್ಪಿಗೆ ಹರಾಜಿನಲ್ಲಿ ಏನು ಬೆಲೆ ಸಿಗ್ತದೆ ಅಂತ ಬ್ಯಾರನ್ ಇಟ್ಟವರಿಗೆ ನಾನು ಹೇಳಬೇಕಾಗಿಲ್ಲ.

1959ರಲ್ಲಿ ಹೆಗ್ಗೆಸ್ಟಾಡ್ ಮತ್ತು ಮಿಡಲ್ಟನ್ ಎಂಬ ವಿಜ್ಞಾನಿಗಳು ಇದಕ್ಕೆ ಓಝೋನ್ ಅನಿಲ ಕಾರಣವೆಂದು ತೋರಿಸಿದರು. ಆಕಾಶದ ಮೇಲಿರುವ ಓಝೋನ್ ನಮ್ಮನ್ನು ಕಾಯುತ್ತದೆ, ಸರಿ. ಆದರೆ ವಾಹನ, ಕಾರ್ಖಾನೆಗಳ ಹೊಗೆಗೆ ಬಿಸಿಲು ತಾಗಿ ನೆಲದ ಹತ್ತಿರವೂ ಅದು ಹುಟ್ಟುತ್ತದೆ. ಗಾಳಿಯ ಜೊತೆ ಬಹು ದೂರ ಹೋಗುತ್ತದೆ. ಪಟ್ಟಣದ ಹೊಗೆ, ಪೆಟ್ಟು ಹಳ್ಳಿಯ ಹೊಲಕ್ಕೆ!

ಕೆನಡಾದ ಒಂಟಾರಿಯೊದಲ್ಲಿ ಈರಿ ಸರೋವರದ ಬಳಿ ಮರಳು ಭೂಮಿ. ಅಲ್ಲಿ ಬೆಳೆಯುತ್ತಿದ್ದುದು ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಾಗೆ ಬ್ಯಾರನ್‌ನಲ್ಲಿ ಹದ ಮಾಡುವ ವರ್ಜೀನಿಯಾ ಸೊಪ್ಪೇ. ಅಲ್ಲಿ ಸ್ಪ್ರಿಂಕ್ಲರ್ ನೀರಾವರಿಗೂ ಈ ಚುಕ್ಕೆಗೂ ಏನು ಸಂಬಂಧ ಅಂತ ವಾಕರ್ ಮತ್ತು ವಿಕರಿ ಪರೀಕ್ಷೆ ಮಾಡಿ 1961ರಲ್ಲಿ ಪ್ರಕಟಿಸಿದರು. ನೀರು ಹಾಯಿಸಿದ ಗಿಡದಲ್ಲೇ ಚುಕ್ಕೆ ಹೆಚ್ಚು!

ಕಾರಣ ಸರಳ. ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತಾರೆ. ಮಣ್ಣಿನಲ್ಲಿ ತೇವ ಇದ್ದರೆ ಗಿಡ ಹಗಲೆಲ್ಲ ಅವನ್ನು ತೆರೆದು ಉಸಿರಾಡುತ್ತದೆ, ಆಗ ಓಝೋನ್ ಕೂಡ ಒಳಗೆ ನುಗ್ಗುತ್ತದೆ. ನೆಲ ಒಣಗಿದರೆ ಗಿಡ ತನ್ನ ನೀರು ಉಳಿಸಿಕೊಳ್ಳಲು ಬಾಯಿ ಮುಚ್ಚುತ್ತದೆ, ವಿಷಕ್ಕೂ ಬಾಗಿಲು ಹಾಕಿದಂತಾಗುತ್ತದೆ.

ಹಾಗಂತ ಬೆಳೆ ಒಣಗಿಸಿ ಕೂತರೆ ಆದೀತೆ? ಬಾಯಿ ಮುಚ್ಚಿದ ಗಿಡ ಆಹಾರವನ್ನೂ ತಯಾರಿಸಲಾರದು. 1980ರ ದಶಕದಲ್ಲಿ ಅಮೆರಿಕದಲ್ಲಿ ಸೋಯಾ, ಹತ್ತಿ ಮುಂತಾದವನ್ನು ಮೇಲ್ಭಾಗ ತೆರೆದ ಗೂಡುಗಳಲ್ಲಿ ಬೆಳೆದು ಓಝೋನ್ ಬಿಟ್ಟು ನೋಡಿದರು. ಅನೇಕ ಪರೀಕ್ಷೆಗಳಲ್ಲಿ ಬರದ ಗಿಡಕ್ಕೆ ಓಝೋನ್ ಪೆಟ್ಟು ಕಡಿಮೆ ಕಂಡಿತು, ಎಲ್ಲದರಲ್ಲೂ ಅಲ್ಲ. ಬರದಿಂದಾದ ನಷ್ಟ ಮಾತ್ರ ಇದ್ದೇ ಇತ್ತು. ಅಂದರೆ ಕಾಸು ಖರ್ಚು ಮಾಡಿ ನೀರು ಹಾಯಿಸಿದವನ ಫಸಲಿಗೇ ಪಟ್ಟಣದ ಹೊಗೆ ಕೈಹಾಕುತ್ತದೆ. ಅದಕ್ಕೆ ಔಷಧಿ ಹೊಲದಲ್ಲಿಲ್ಲ, ಹೊಗೆ ಹುಟ್ಟುವ ಜಾಗದಲ್ಲಿದೆ.