ನಿಂತ ಅಂಬಾಸಿಡರ್: ಹಳೆಯ ಕಾರಿನಲ್ಲಿ ಕಿಡಿಯನ್ನು ಹುಡುಕುವ ಕ್ರಮ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕು ಮಳೆಗಿಂತ ಬಿಸಿಲಿಗೇ ಹೆಸರಾದ ಸೀಮೆ. ಅಲ್ಲಿನ ಸೊಕ್ಕೆಯ ದಾರಿಯಲ್ಲಿ ನಡು ಮಧ್ಯಾಹ್ನ ಹಳೆಯ ಅಂಬಾಸಿಡರ್ ಕಾರೊಂದು ನಿಂತಿತೆಂದು ಭಾವಿಸಿ. ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತು ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಹತ್ತು ಮೈಲಿ ದಾಟಿದ ಮೇಲೆ ಮತ್ತೆ ಅದೇ ಕಥೆ. ಊರು ತಲುಪಿ ಗ್ಯಾರೇಜಿನಲ್ಲಿ ತೋರಿಸುವಾಗ ಇಂಜಿನ್ ಆರಿರುತ್ತದೆ, ದೋಷವೂ ಮಾಯವಾಗಿರುತ್ತದೆ. ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಕಾರು ನಿಂತ ಜಾಗದಲ್ಲಿಯೇ, ಇಂಜಿನ್ ಬಿಸಿಯಾಗಿರುವಾಗಲೇ.

ಅದಕ್ಕೂ ಮುನ್ನ ಒಂದು ಮಾತು. ಅನೇಕ ಅಂಬಾಸಿಡರ್‌ಗಳು ಡೀಸೆಲ್ ಗಾಡಿಗಳು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇರುವುದಿಲ್ಲ. ಇಲ್ಲಿ ಹೇಳುತ್ತಿರುವುದು 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನ ವಿಷಯ. ಅಳತೆಗಳು ಬೇರೆಯಾದರೂ ಪ್ರೀಮಿಯರ್ ಪದ್ಮಿನಿಯ ವ್ಯವಸ್ಥೆಯೂ ಇದೇ ಬಗೆಯದು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ ಈ ವಿಧಾನ ಸರಳವಾದುದು. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಇಗ್ನಿಷನ್ ಕಾಯಿಲ್ ಮೂಲಕ ಹರಿದು ಡಿಸ್ಟ್ರಿಬ್ಯೂಟರಿನೊಳಗಿನ ‘ಪಾಯಿಂಟ್’ಗಳನ್ನು ತಲುಪುತ್ತದೆ. ಪಾಯಿಂಟ್ ತೆರೆದ ಕ್ಷಣದಲ್ಲಿ ಆ ಹರಿವು ಕಡಿದು, ಕಾಯಿಲ್‌ನಲ್ಲಿ 20,000 ವೋಲ್ಟ್‌ನಷ್ಟು ಒತ್ತಡ ಹುಟ್ಟುತ್ತದೆ. ರೋಟರ್ ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟ್ ಸೆಕೆಂಡಿಗೆ ನೂರು ಬಾರಿ ತೆರೆದು ಮುಚ್ಚುತ್ತದೆ. ಅದು ಸವೆಯುವುದರಲ್ಲಿ ಆಶ್ಚರ್ಯವೇನು?

ಮೊದಲ ಪರೀಕ್ಷೆ ಕಿಡಿಯದು. ಗೇರನ್ನು ನ್ಯೂಟ್ರಲ್‌ಗೆ ತಂದು, ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ವಯರನ್ನು ಕಿತ್ತು, ಅದರ ತುದಿಯನ್ನು ಇಂಜಿನ್ನಿನ ಬರಿಯ ಲೋಹದಿಂದ 6 ಮಿ.ಮೀ. ದೂರದಲ್ಲಿರಿಸಿ ಇನ್ನೊಬ್ಬರಿಂದ ಸ್ಟಾರ್ಟರ್ ಹೊಡೆಸಬೇಕು. ವಯರನ್ನು ಬರಿಗೈಯಲ್ಲಿ ಹಿಡಿಯಬಾರದು. ಪೆಟ್ರೋಲ್ ವಾಸನೆಯಿದ್ದರೆ ಈ ಪರೀಕ್ಷೆಯ ಗೊಡವೆಯೇ ಬೇಡ. ನೀಲಿ ಬಣ್ಣದ, ಚಟಚಟನೆ ಸದ್ದು ಮಾಡುವ ಕಿಡಿ ಬಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಕ್ಷೇಮ. ಆಗ ಮುಚ್ಚಳದೊಳಗೆ ಧೂಳು, ತೇವ, ಕೂದಲೆಳೆಯಂತಹ ಕಪ್ಪು ಬಿರುಕು ಇವೆಯೇ ಎಂದು ನೋಡಬೇಕು. ರೋಟರನ್ನೂ ಪ್ಲಗ್ ವಯರುಗಳನ್ನೂ ಪರಿಶೀಲಿಸಬೇಕು. ವಯರುಗಳನ್ನು ಮತ್ತೆ ಸಿಕ್ಕಿಸುವಾಗ 1-3-4-2ರ ಸರದಿ ತಪ್ಪಬಾರದು. ಎಲ್ಲವೂ ಸರಿಯಿದ್ದರೆ ಸಂಶಯ ಇಂಧನದ ಕಡೆಗೆ ತಿರುಗಬೇಕು. ಬಿಸಿಲಿಗೆ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗಿ ಇಂಜಿನ್ ನಿಲ್ಲುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಅದಕ್ಕೆ ಹಳೆಯ ಉಪಾಯ. ಅದೂ ಆರಿದ ಮೇಲೆ ಸರಿಹೋಗುವ ದೋಷವೇ. ಬಿಸಿಯಿರುವಾಗ ಕಿಡಿ ನೋಡದವರು ಕಾರ್ಬುರೇಟರ್ ಬಿಚ್ಚಿ ದಿನ ಕಳೆಯುವುದು ಇದರಿಂದಲೇ.

ಕಿಡಿ ಬಾರದಿದ್ದರೆ, ಅಥವಾ ಹಳದಿಯಾಗಿ ಸೊರಗಿದ್ದರೆ, 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವಯರು ಕಟ್ಟಿದ ಟೆಸ್ಟ್ ಲ್ಯಾಂಪ್ ಸಾಕು. ಕೀಲಿ ತಿರುಗಿಸಿದಾಗ, ಸ್ವಿಚ್ಚಿನಿಂದ ವಯರು ಬಂದು ಸೇರುವ ಕಾಯಿಲ್ ತುದಿಯಲ್ಲಿ ಬಲ್ಬು ಉರಿಯಬೇಕು. ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಯಲ್ಲಿ, ಸ್ಟಾರ್ಟರ್ ಹೊಡೆಯುವಾಗ ಅದು ಮಿಣುಕಬೇಕು. ಮಿಣುಕದೆ ಸದಾ ಉರಿದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಕೊಳೆಯಾಗಿದೆ. ಅಲ್ಲಿ ಉರಿಯದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ, ಇಲ್ಲವೆ ಕಾಯಿಲ್ ಒಳಗೇ ಕಡಿದಿದೆ.

ಪಾಯಿಂಟ್‌ಗಳ ಗರಿಷ್ಠ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಲ್ಲದಾಗ ದಪ್ಪನೆಯ ವಿಸಿಟಿಂಗ್ ಕಾರ್ಡು ಊರು ಸೇರುವಷ್ಟರ ಮಟ್ಟಿಗೆ ನೆರವಾದೀತು. ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ, ಕಿಡಿ ತಡವಾಗಿ ಬಂದು, ಗಾಡಿ ಏರಿನಲ್ಲಿ ಬಳಲುತ್ತದೆ. ಮೈ ಸುಟ್ಟು ಕರಕಲಾಗಿದ್ದರೆ ಪಾಯಿಂಟನ್ನಷ್ಟೇ ಬದಲಿಸಿ ಸುಮ್ಮನಾಗಬಾರದು. ಪಾಯಿಂಟ್ ತೆರೆಯುವಾಗ ಅಲ್ಲಿ ಹಾರುವ ಕಿಡಿಯನ್ನು ನುಂಗುವುದು ಕಂಡೆನ್ಸರ್. ಅದು ಕೆಟ್ಟರೆ ಹೊಸ ಪಾಯಿಂಟೂ ಬೇಗನೆ ಸುಡುತ್ತದೆ.

ಬಿಸಿಯಾದಾಗ ನಿಂತು ಆರಿದಾಗ ಹೊರಡುವ ರೋಗಕ್ಕೆ ಕಂಡೆನ್ಸರ್ ಅಥವಾ ಕಾಯಿಲ್ ಕಾರಣವಾಗಿರುವುದೇ ಹೆಚ್ಚು. ಒಳಗಿನ ನಿರೋಧಕ ಪದರ ಕಾವಿಗೆ ಸೋತು, ತಣಿದ ಮೇಲೆ ಚೇತರಿಸಿಕೊಳ್ಳುತ್ತದೆ. ಮೊದಲು ಕಂಡೆನ್ಸರನ್ನು ಬದಲಿಸುವುದು ಜಾಣತನ, ಅದು ಅಗ್ಗ. ಬ್ಯಾಲಸ್ಟ್ ಇಲ್ಲದ 12 ವೋಲ್ಟ್ ಕಾಯಿಲ್‌ನ ಪ್ರಾಥಮಿಕ ಸುರುಳಿ ಸುಮಾರು 3 ಓಮ್ ತೋರಿಸಬೇಕು. ಆದರೆ ತಣ್ಣಗಿರುವಾಗ ಸರಿಯಾದ ಅಂಕಿ ತೋರಿಸಿದ ಮಾತ್ರಕ್ಕೆ ಕಾಯಿಲ್ ನಿರ್ದೋಷಿಯಲ್ಲ.

ಪ್ಲಗ್ಗುಗಳ ವಿಚಾರ ಚಿಕ್ಕದು. ಅಂತರ ಸುಮಾರು 0.63 ಮಿ.ಮೀ.; ತುದಿ ಕಂದು ಬಣ್ಣಕ್ಕಿದ್ದರೆ ಆರೋಗ್ಯ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯಿಂದ ಒದ್ದೆಯಾಗಿದ್ದರೆ ಇಂಜಿನ್ ಸವೆದಿದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, ಪ್ಲಗ್ಗುಗಳನ್ನು ತಯಾರಿಸಿದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಹೆಸರು ಈಗ ರಾಜಧಾನಿಯ ಬಡಾವಣೆಯೊಂದರಲ್ಲಿ ಉಳಿದಿದೆ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಸ್ಕ್ಯಾನರ್ ಜೋಡಿಸಿ ದೋಷ ಓದುವ ಇಂದಿನ ಮೆಕ್ಯಾನಿಕ್‌ಗಳಿಗೆ ಈ ಕಾರಿನಲ್ಲಿ ಜೋಡಿಸಲು ಜಾಗವೇ ಸಿಗದು. ಹೀಗಾಗಿ ದೂರ ಹೊರಡುವವರ ಡಿಕ್ಕಿಯಲ್ಲಿ ಒಂದು ಜೊತೆ ಪಾಯಿಂಟ್, ರೋಟರ್, ಕಂಡೆನ್ಸರ್, ಟೆಸ್ಟ್ ಲ್ಯಾಂಪ್ ಇರಲಿ. ಕಂಡೆನ್ಸರ್ ಮಾತ್ರ ಪೊಟ್ಟಣ ಒಡೆಯದ ಹೊಸದು ಬೇಡ; ಕೆಲವು ದಿನ ಗಾಡಿಯಲ್ಲಿ ಓಡಿಸಿ, ಕಾವಿಗೆ ಜಗ್ಗದೆಂದು ಖಾತ್ರಿಯಾದುದನ್ನೇ ಬಿಚ್ಚಿಟ್ಟುಕೊಳ್ಳಿ.